ಚಳಿಗಾಲ, ವಯಸ್ಸು ಮತ್ತು ಬೀಗದ ಕೈ

ಘಟ್ಟದ ಮೇಲಿನ ನಮ್ಮ ಕಾಫಿ ಬೆಳೆಗಾರ ಮಿತ್ರರು ಚಳಿಗಾಲದಲ್ಲಿ ಕಲ್ಯಾಣಪುರಕ್ಕೆ ಬಂದರೆ ಮೊದಲು ನಗುವುದು ನಮ್ಮ ಚಳಿಯನ್ನು ಕಂಡು. ಕೊಪ್ಪ, ಬಾಳೆಹೊನ್ನೂರುಗಳಲ್ಲಿ ಸ್ವೆಟರ್ ತೊಟ್ಟು ಬಸ್ಸು ಹತ್ತಿದವರು ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಾಗಲೇ ಅದನ್ನು ಕಳಚಿ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾರೆ. ನಾವಾದರೋ ಇಪ್ಪತ್ತು ಡಿಗ್ರಿಯ ಚಳಿಗೆ ಕಿವಿಗೆ ಮಫ್ಲರ್ ಸುತ್ತಿ ಅಂಗಳದಲ್ಲಿ ನಿಂತಿರುತ್ತೇವೆ. "ಇದಕ್ಕೂ ಚಳಿ ಅಂತೀರಲ್ಲ ಕಾರ್ಯದರ್ಶಿಗಳೇ" ಎಂದು ಅವರು ನಗುವುದು ನ್ಯಾಯವೇ.

ನಮ್ಮದು ಸಣ್ಣ ಚಳಿ, ಒಪ್ಪಿದೆವು. ಸುವರ್ಣಾ ನದಿಯ ಮೇಲಿಂದ ಬೆಳಗಿನ ಜಾವ ಏಳುವ ಮಂಜು ಎಂಟು ಗಂಟೆಯ ಬಿಸಿಲಿಗೆ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಆದರೆ ತೋಟದವನ ಪಾಲಿಗೆ ತುಳುವರ ಜಾರ್ದೆ, ಪೆರಾರ್ದೆ, ಪುಯಿಂತೆಲ್ ಎಂಬ ಈ ಮೂರು ತಿಂಗಳುಗಳು ವರ್ಷದ ಲೆಕ್ಕ ಕೊಡುವ ತಿಂಗಳುಗಳು. ಅಂಗಳ ಹದವಾಗಬೇಕು, ಮೊದಲ ಕೊಯ್ಲು ಆಗಬೇಕು, ಮರಗಳಿಗೆ ನೀರು ಹಿಡಿಯಬೇಕು, ಹೊಳೆಯ ಉಪ್ಪುನೀರು ಮೇಲೆ ಏರುವ ಮೊದಲು ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಯಬೇಕು. ಮಳೆಗಾಲದಲ್ಲಿ ಮಾಡಿದ್ದು ಬಿಟ್ಟದ್ದು ಎಲ್ಲವೂ ಈ ಕಾಲದಲ್ಲಿ ಅಂಗಳಕ್ಕೆ ಬಂದು ಬೀಳುತ್ತದೆ.

ಈ ಚಳಿಗಾಲಕ್ಕೆ ನಮಗೆ 57 ತುಂಬಿದೆ. ಆದ್ದರಿಂದ ಈ ಸಲದ ಪುಟಗಳಲ್ಲಿ ಧಾರಣೆ, ಗೊಬ್ಬರಗಳ ಮಾತನ್ನು ಬದಿಗಿಟ್ಟು ವಯಸ್ಸಿನ ಲೆಕ್ಕವನ್ನು ಸ್ವಲ್ಪ ಮಾಡೋಣವೆಂದು ಹೊರಟಿದ್ದೇವೆ. ಕೊನೆಗೆ ಅದು ತೋಟದ ಲೆಕ್ಕಕ್ಕೇ ಬಂದು ನಿಲ್ಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಅಂಗಳ ಮಾಡುವ ಕಾಲ

ನಾವು ಹುಡುಗರಾಗಿದ್ದಾಗ ಚಳಿಗಾಲ ಆರಂಭವಾಗುತ್ತಿದ್ದುದು ಅಂಗಳದಿಂದ. ದೀಪಾವಳಿ ಕಳೆದ ಮೇಲೆ ಮಳೆಗಾಲದ ಹುಲ್ಲು, ಪಾಚಿ ಎಲ್ಲವನ್ನೂ ಕೆತ್ತಿ, ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಮಟ್ಟ ಮಾಡುತ್ತಿದ್ದರು. ಆ ಬಡಿತದ ಸದ್ದು ಮನೆಯಿಂದ ಮನೆಗೆ ಕೇಳುತ್ತಿತ್ತು. ಮೇಲೆ ಸಗಣಿಗೆ ಮಸಿ ಕಲಸಿ ಸಾರಿಸಿದರೆ ಅಂಗಳ ಕನ್ನಡಿಯಂತೆ ಕರ್ರಗೆ ಮಿನುಗುತ್ತಿತ್ತು. ಆ ಅಂಗಳಕ್ಕೆ ಮೊದಲು ಏಣೆಲು ಭತ್ತ, ಆಮೇಲೆ ಅಡಿಕೆ. ರಾತ್ರಿ ಅದೇ ಅಂಗಳದಲ್ಲಿ ನಮ್ಮ ಆಟ.

ಬೆಳಿಗ್ಗೆ ಬಚ್ಚಲಿನ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು. ಒಲೆಯ ಮುಂದೆ ಕುಳಿತು ಕೈ ಕಾಯಿಸಲು ಮಕ್ಕಳಲ್ಲಿ ಜಗಳ. ಕುಚ್ಚಲಕ್ಕಿ ಗಂಜಿ ಉಂಡು ಶಾಲೆಗೆ ಹೊರಡುವ ಮುನ್ನ ಅಂಗಳದ ಅಡಿಕೆಯನ್ನು ಕಾಲಿನಿಂದ ಮಗುಚಿ ಹೋಗಬೇಕು. ಅದು ನಮ್ಮ ಪಾಲಿನ ಕೆಲಸ. ಇಬ್ಬನಿಗೆ ತಣ್ಣಗಾದ ಅಡಿಕೆಯ ಮೇಲೆ ಬರಿಗಾಲಿನಲ್ಲಿ ನಡೆಯುವಾಗ ಅಂಗಾಲು ಜುಮ್ಮೆನ್ನುತ್ತಿದ್ದುದು ಈಗಲೂ ನೆನಪಿದೆ. ಎಳೆ ಮರಗಳ ಬೆನ್ನಿಗೆ ಹಾಳೆ ಕಟ್ಟುವುದೂ ಮಕ್ಕಳ ಕೆಲಸವೇ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ಸರಿದು ಮಧ್ಯಾಹ್ನದ ಮೇಲೆ ನೈಋತ್ಯದಿಂದ ಹೊಡೆಯುತ್ತಾನೆ, ಮರೆ ಇಲ್ಲದ ಎಳೆ ಮರದ ಕಾಂಡ ಆ ಬಿಸಿಲಿಗೆ ಸುಟ್ಟು ಮುಂದೆ ಸೀಳುತ್ತದೆ ಎಂದು ನಮಗೆ ಪಾಠ ಮಾಡಿದವರು ಯಾರೂ ಇಲ್ಲ. ಹಾಳೆ ಕಟ್ಟುತ್ತಾ ಕಟ್ಟುತ್ತಾ ತಿಳಿಯಿತು.

ಡಿಸೆಂಬರಿನ ಕೊನೆಗೆ ಮಿಲಾಗ್ರಿಸ್ ಇಗರ್ಜಿಯ ಗಂಟೆ ಕೇಳಿದರೆ ನೆರೆಮನೆಯಿಂದ ಕುಸ್ವಾರ್ ತಟ್ಟೆ ಬರುತ್ತಿತ್ತು. ಕಿಡಿಯೊ, ನೆವ್ರಿ, ಗುಳಿಯೊ. ದೀಪಾವಳಿಗೆ ನಮ್ಮಲ್ಲಿಂದ ಹೋದ ತಟ್ಟೆ ಅದು. ಖಾಲಿಯಾಗಿ ಹಿಂದೆ ಬರುವ ಕ್ರಮ ಇರಲಿಲ್ಲ. ಇದೇ ತಿಂಗಳುಗಳಲ್ಲಿ ಮೇಳಗಳು ತಿರುಗಾಟಕ್ಕೆ ಹೊರಡುತ್ತಿದ್ದುವು. ಚಾಪೆ, ಕಂಬಳಿ ಹೊತ್ತು ಬಯಲಾಟಕ್ಕೆ ಹೋಗಿ, ಅರ್ಧ ರಾತ್ರಿಗೆ ನಿದ್ದೆ ಬಂದು, ಬಣ್ಣದ ವೇಷದ ಅಬ್ಬರಕ್ಕೆ ಬೆಚ್ಚಿ ಎದ್ದು, ಬೆಳಿಗ್ಗೆ ಕೆಂಗಣ್ಣಿನಲ್ಲಿ ಬಂದು ಮತ್ತೆ ಅಡಿಕೆ ಮಗುಚುವುದು. ಈಗ ಹಲವು ಮೇಳಗಳದ್ದು ಕಾಲಮಿತಿಯ ಆಟ. ಅಂಗಳಕ್ಕೆ ಸಿಮೆಂಟು ಅಥವಾ ಇಂಟರ್‌ಲಾಕ್, ಅಡಿಕೆಗೆ ಪ್ಲಾಸ್ಟಿಕ್ ಮಾಡು. ಇದರಲ್ಲಿ ದುಃಖಪಡುವಂಥದ್ದು ಹೆಚ್ಚೇನಿಲ್ಲ. ಸಗಣಿ ಸಾರಿಸಿದವರ ಬೆನ್ನುನೋವನ್ನು ಕಂಡವರು ಹಳೆ ಅಂಗಳವನ್ನು ಅತಿಯಾಗಿ ಹೊಗಳಲಾರರು.

ಗೆಣ್ಣು ಎಣಿಸುವ ಲೆಕ್ಕ

ನಮ್ಮ ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. ಅವರು ವಯಸ್ಸನ್ನು ಎಣಿಸುತ್ತಿದ್ದುದು ಉಡುಪಿಯ ಪರ್ಯಾಯದ ಲೆಕ್ಕದಲ್ಲಿ. ಅಷ್ಟಮಠಗಳಿಗೆ ತಲಾ ಎರಡು ವರ್ಷ, ಒಂದು ಸುತ್ತಿಗೆ ಹದಿನಾರು ವರ್ಷ. ಆ ಲೆಕ್ಕದ ಪ್ರಕಾರ ನಾವು 1968ರಲ್ಲಿ, ಪೇಜಾವರ ಮಠದ ಪರ್ಯಾಯದಲ್ಲಿ ಹುಟ್ಟಿದವರು. ಅದೇ ಮಠದ ಸರದಿ ಮರಳಿ 1984ರಲ್ಲಿ ಬಂದಾಗ ನಮಗೆ ಹದಿನಾರು ನಡೆಯುತ್ತಿತ್ತು; 2000ದಲ್ಲಿ ಮೂವತ್ತೆರಡು; 2016ರಲ್ಲಿ ನಲವತ್ತೆಂಟು. ಇನ್ನು 2032ರಲ್ಲಿ ಬರುವಾಗ ಅರವತ್ತನಾಲ್ಕು ನಡೆಯುತ್ತಿರುತ್ತದೆ. ಇಡೀ ಬಾಳು ನಾಲ್ಕೈದು ಸುತ್ತುಗಳಲ್ಲಿ ಮುಗಿಯುವ ಲೆಕ್ಕ ಇದು. ವರ್ಷಗಳಲ್ಲಿ ಎಣಿಸಿದರೆ ಬಹಳ ಇದೆ ಎನಿಸುತ್ತದೆ, ಪರ್ಯಾಯಗಳಲ್ಲಿ ಎಣಿಸಿದರೆ ಎಷ್ಟು ಕಡಿಮೆ!

ಅಡಿಕೆ ಮರವೂ ತನ್ನ ವಯಸ್ಸನ್ನು ಮೈಮೇಲೆಯೇ ಬರೆದುಕೊಳ್ಳುತ್ತದೆ. ವರ್ಷಕ್ಕೆ ಆರೇಳು ಸೋಗೆ ಬೀಳುತ್ತದೆ, ಬಿದ್ದ ಕಡೆ ಒಂದೊಂದು ಗೆಣ್ಣಿನ ಗುರುತು ಉಳಿಯುತ್ತದೆ. ಎಳೆಯ ಮರದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಬಹಳ ಅಂತರ, ಕಾಂಡ ಹಸಿರು. ಮರ ಮುದಿಯಾದಂತೆ ಗೆಣ್ಣುಗಳು ಹತ್ತಿರ ಹತ್ತಿರ ಬರುತ್ತವೆ. ಅಂದರೆ ಬೆಳವಣಿಗೆ ನಿಂತಿಲ್ಲ, ಹೆಜ್ಜೆ ಸಣ್ಣದಾಗಿದೆ ಅಷ್ಟೆ. ಐವತ್ತು ದಾಟಿದ ಮೇಲೆ ನಮ್ಮ ವರ್ಷಗಳೂ ಹೀಗೆಯೇ ಒತ್ತೊತ್ತಾಗಿ ಬರುತ್ತಿವೆ. ಒಂದು ಕೊಯ್ಲು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೊಂದು ಅಂಗಳ.

ನಮ್ಮ ಸಂಘದಲ್ಲಿ ಎರಡು ಬೆಳೆಯವರೂ ಇರುವುದರಿಂದ ಇನ್ನೊಂದು ಹೋಲಿಕೆ ಹೇಳುತ್ತೇವೆ. ಕಾಫಿ ಬೀಜ ಸಾಮಾನ್ಯವಾಗಿ ಹೊಸತಿದ್ದಾಗಲೇ ಚೆನ್ನ, ಇಟ್ಟಷ್ಟೂ ಪರಿಮಳ ಇಳಿಯುತ್ತದೆ. ಮಂಗಳೂರಿನಲ್ಲಿ ಮಳೆಗಾಲದ ಕಡಲಗಾಳಿಗೆ ಹರವಿ ಹದಗೊಳಿಸುವ ಮಾನ್ಸೂನ್ ಕಾಫಿಯ ಮಾತು ಬೇರೆ. ಅಡಿಕೆ ಹಾಗಲ್ಲ. ಹೊಸ ಚಾಲಿಗಿಂತ ಹಳೆ ಚಾಲಿಗೆ ಧಾರಣೆ ಹೆಚ್ಚು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಾಗೆಂದು ಇಟ್ಟ ಅಡಿಕೆಯೆಲ್ಲ ಹಳೆ ಅಡಿಕೆ ಆಗುವುದಿಲ್ಲ. ಮೊದಲ ಚಳಿಗಾಲದಲ್ಲಿ ನಲವತ್ತು ದಿನ ಬಿಸಿಲು ಕಂಡು, ದಿನವೂ ಮಗುಚಿಸಿಕೊಂಡು, ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಸಿಪ್ಪೆಯೊಳಗೆ ಗಡಗಡ ಎನ್ನುವಷ್ಟು ಒಣಗಿದ ಅಡಿಕೆ ಮಾತ್ರ ಹಳತಾಗುತ್ತದೆ. ಹಸಿಯಾಗಿ ಕೂಡಿಟ್ಟದ್ದು ಹಳತಾಗುವುದಿಲ್ಲ, ಹಾಳಾಗುತ್ತದೆ. ಮಗುಚದ ರಾಶಿಯ ಅಡಿಯಲ್ಲಿ ಬೂಷ್ಟು ಕೂತಿರುತ್ತದೆ.

ಹಿರಿಯರ ವಿಷಯದಲ್ಲಿಯೂ ಅಷ್ಟೆ. ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆಯನ್ನು ಹೇಳಿಕೊಂಡು ನಮ್ಮಷ್ಟಕ್ಕೆ ನಾವು ಸಮಾಧಾನಪಡುತ್ತೇವೆ. ಆದರೆ ನಮ್ಮ ಮುಪ್ಪಿನ ಬೆಲೆ ಎಷ್ಟೆಂದು ನಿಶ್ಚಯಿಸುವುದು ಒಂದೇ ಒಂದು ವಿಷಯ. ನಾವು ಯಾವಾಗ, ಹೇಗೆ ಬೀಗದ ಕೈ ಕೊಟ್ಟೆವು ಎಂಬುದು. ಇದನ್ನು ಹೇಳಲು ನಮ್ಮ ಮನೆಯ ಒಂದು ಕಥೆಯನ್ನು ಬಿಚ್ಚಬೇಕಾಗಿದೆ.

ಉಡಿದಾರದ ಬೀಗದ ಕೈ

ನಮ್ಮ ತೀರ್ಥರೂಪರು ಒಳ್ಳೆಯ ಬೆಳೆಗಾರರು. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ದಿನಗಳನ್ನೂ, 1973ರ ಜುಲೈನಲ್ಲಿ ಮಂಗಳೂರಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿದ್ದನ್ನೂ ಕಂಡವರು. ಕಷ್ಟದಲ್ಲಿ ಕಟ್ಟಿದ ತೋಟ ಅದು. ಉಗ್ರಾಣದ ಬೀಗದ ಕೈ ಸದಾ ಅವರ ಉಡಿದಾರದಲ್ಲಿ ಇರುತ್ತಿತ್ತು. ಸ್ನಾನಕ್ಕೆ ಹೋದರೂ ಕಳಚಿದ್ದನ್ನು ನಾವು ಕಂಡಿಲ್ಲ.

ನಾವು ಇಲ್ಲಿಯದೇ ಮಿಲಾಗ್ರಿಸ್ ಕಾಲೇಜಿನಲ್ಲಿ ಪದವಿ ಮುಗಿಸಿ ತೋಟಕ್ಕೆ ಮರಳಿದೆವು. ಇಪ್ಪತ್ತಾರನೆಯ ವಯಸ್ಸಿನಲ್ಲಿಯೂ ನಮ್ಮ ಅಧಿಕಾರ ಅಡಿಕೆ ಮಗುಚುವುದರಲ್ಲಿಯೇ ನಿಂತಿತ್ತು. ಯಾವುದನ್ನು ಕೇಳಿದರೂ "ನಿನಗೆ ಇನ್ನೂ ತಿಳಿಯುವುದಿಲ್ಲ" ಎಂಬ ಉತ್ತರ.

1994ರ ಡಿಸೆಂಬರಿನಲ್ಲಿ ಒಂದು ದಿನ ತಂದೆಯವರು ಕಾರ್ಕಳದ ಕಡೆ ನೆಂಟರ ಮನೆಯ ಉಪನಯನಕ್ಕೆ ಹೋಗಿದ್ದರು. ಅಂಗಳದ ತುಂಬ ಅಡಿಕೆ. ಮುಕ್ಕಾಲು ಒಣಗಿತ್ತು. ಮೂರು ಗಂಟೆಗೆ ಬಿಸಿಲಿತ್ತು, ನಾಲ್ಕಕ್ಕೆ ಮೋಡ, ನಾಲ್ಕೂವರೆಗೆ ಅಕಾಲದ ಮಳೆ. ಟಾರ್ಪಾಲು, ಗೋಣಿ ಎಲ್ಲವೂ ಉಗ್ರಾಣದಲ್ಲಿ. ಉಗ್ರಾಣಕ್ಕೆ ಬೀಗ. ಬೀಗದ ಕೈ ಕಾರ್ಕಳದಲ್ಲಿ.

ತಾಯಿಯವರು, ನಾವು, ಕೆಲಸದ ಇಬ್ಬರು ಹೆಂಗಸರು ಸೇರಿ ಬುಟ್ಟಿಯಲ್ಲಿ ತುಂಬಿ ಜಗಲಿಗೆ ಸುರಿದೆವು. ಎಷ್ಟೆಂದು ಸುರಿಯಲಿಕ್ಕೆ ಸಾಧ್ಯ? ಕಾಲುಭಾಗ ಒಳಗೆ ಬಂತು. ಉಳಿದದ್ದು ನಮ್ಮ ಕಣ್ಣ ಮುಂದೆ ತೊಯ್ದು ಅಂಗಳದ ಮೂಲೆಗೆ ಹರಿದು ಹೋಯಿತು. ಹಾರೆ ಗೋಡೆಗೆ ಒರಗಿಕೊಂಡೇ ಇತ್ತು. ಬೀಗಕ್ಕೆ ಎರಡು ಏಟು ಹಾಕಿದ್ದರೆ ಸಾಕಿತ್ತು. ನಮಗೆ ಧೈರ್ಯ ಬರಲಿಲ್ಲ. ಇಪ್ಪತ್ತಾರು ವರ್ಷದ ಪದವೀಧರರು ಹಾರೆಯನ್ನು ನೋಡುತ್ತಾ ನಿಂತೆವು.

ಮರುದಿನ ತಂದೆಯವರು ಬಂದು ನೋಡಿದರು. ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಬೀಗ ಒಡೆಯಬಾರದಿತ್ತೇ ಮಾರಾಯ?" ಎಂದರು. ಬೈದಿದ್ದರೆ ಮರೆಯುತ್ತಿದ್ದೆವೋ ಏನೋ. ಆ ವರ್ಷದ ಅಡಿಕೆಯಲ್ಲಿ ಬಹುಪಾಲು ಬೂಷ್ಟು ಹಿಡಿದು ಕರಿಕೋಕದ ಲೆಕ್ಕದಲ್ಲಿ ಹೋಯಿತು. ಬೀಗದ ಕೈ ಮಾತ್ರ ಆ ಮೇಲೆಯೂ ಉಡಿದಾರದಲ್ಲಿಯೇ ಉಳಿಯಿತು. ನಮ್ಮ ಕೈಗೆ ಬಂದದ್ದು 2006ರಲ್ಲಿ, ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಕಾಲಕ್ಕೆ. ಆಗ ನಮಗೆ ಮೂವತ್ತೆಂಟು. ತಲೆಕೂದಲು ಹಣ್ಣಾಗಲು ತೊಡಗಿದ ಮೇಲೆ ನಾವು ನಮ್ಮ ಮನೆಯಲ್ಲಿ ದೊಡ್ಡವರಾದೆವು. ನಮ್ಮ ಮಗನಿಗೆ ಮಾತ್ರ ಹೀಗೆ ಮಾಡಬಾರದು ಎಂದು ಅಂದೇ ನಿಶ್ಚಯಿಸಿಕೊಂಡೆವು.

ಮಂಚದ ಮೇಲಿನ ಮೂರು ವಾರ

ನಿಶ್ಚಯ ಮಾಡುವುದು ಸುಲಭ. ಹೋದ ವರ್ಷ, 2024ರ ಡಿಸೆಂಬರಿನಲ್ಲಿ, ಬೆಳಿಗ್ಗೆ ಪಂಪು ಬಿಡಲು ತೋಟಕ್ಕೆ ಇಳಿದವರು ಇಬ್ಬನಿಗೆ ಒದ್ದೆಯಾದ ಹಾಳೆಯ ಮೇಲೆ ಕಾಲಿಟ್ಟು ಜಾರಿ ಬಿದ್ದೆವು. ಐವತ್ತು ವರ್ಷದಿಂದ ನಡೆದ ದಾರಿ ಅದು. ಕಾಲಿನ ಗಂಟಿಗೆ ಪಟ್ಟಿ ಕಟ್ಟಿ ಮೂರು ವಾರ ಮಂಚ ಬಿಟ್ಟು ಇಳಿಯಬಾರದೆಂದು ಅಪ್ಪಣೆಯಾಯಿತು. ಮೊದಲ ಕೊಯ್ಲಿನ ಸಮಯ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ರಜೆ ಹಾಕಿ ಬಂದ.

ಮೊದಲ ದಿನವೇ ಅವನ ಪ್ರಶ್ನೆಗಳು ಆರಂಭವಾದುವು. ಯಾವ ಗೇಟ್‌ವಾಲ್ವ್ ತಿರುಗಿಸಿದರೆ ಯಾವ ತುಂಡಿಗೆ ನೀರು? ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ? ಕೆಳಗಿನ ಸಾಲಿನ ಮರಗಳಿಗೆ ಸುಣ್ಣ ಕೊಟ್ಟದ್ದು ಯಾವಾಗ? ಬಾವಿಯ ಪಂಪಿಗೆ ಯಾವ ಬೇರಿಂಗ್? ನಾವು ಮಂಚದಿಂದಲೇ ಉತ್ತರ ಹೇಳುತ್ತಾ ಹೋದೆವು. ಮೂರನೆಯ ದಿನ ಅವನು ಬಾಗಿಲಲ್ಲಿ ನಿಂತು ಕೇಳಿದ: "ಅಪ್ಪ, ಇದನ್ನೆಲ್ಲ ನೀವು ಎಲ್ಲಿ ಬರೆದಿಟ್ಟಿದ್ದೀರಿ?"

ಎಲ್ಲಿಯೂ ಇಲ್ಲ. ಸಂಘದ ಪ್ರತಿ ರಶೀದಿಗೂ ಮೂರು ಪ್ರತಿ ಕೇಳುವ ಕಾರ್ಯದರ್ಶಿಗಳ ಸ್ವಂತ ತೋಟದ ಲೆಕ್ಕ ಪೂರ್ತಿ ಅವರ ತಲೆಯಲ್ಲಿತ್ತು. ನಮ್ಮ ತಂದೆಯವರ ಬೀಗದ ಕೈ ಕಬ್ಬಿಣದ್ದು, ಹಾರೆಯಿಂದ ಒಡೆಯಬಹುದಿತ್ತು. ನಮ್ಮದು ಅದಕ್ಕಿಂತ ಕೆಟ್ಟದ್ದು. ತಲೆಗೆ ಹಾರೆ ಹಾಕಲು ಬರುವುದಿಲ್ಲ.

ಕೊಯ್ಲಿನ ವಿಷಯದಲ್ಲಿ ಇನ್ನೂ ದೊಡ್ಡ ಮಾತಾಯಿತು. ನಮ್ಮಲ್ಲಿ ಮರ ಏರುತ್ತಿದ್ದವರಿಗೆ ನಮಗಿಂತ ನಾಲ್ಕು ವರ್ಷ ಹೆಚ್ಚು. ಮೂವತ್ತು ವರ್ಷ ಕಾಲಿಗೆ ತಳೆ ಹಾಕಿ, ಮರದಿಂದ ಮರಕ್ಕೆ ಬಾಗಿ ಹಾರಿ ಕೊಯ್ದವರು. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಬರಲಿ ಎಂದು ಹೇಳುವ ಹಕ್ಕು ನಮಗಿಲ್ಲ. ಇಬ್ಬನಿಯ ಮರಕ್ಕೆ ಅವರನ್ನು ಇನ್ನು ಏರಿಸಬಾರದು ಎಂದು ಮಗನ ವಾದ. ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಿಂದಲೇ ಕೊಯ್ಯುವ ಯುವಕರ ತಂಡವನ್ನು ಕರೆಸುತ್ತೇನೆ ಎಂದ. ಅಂಥ ದೋಟಿಗಳು ಇಂದು ನಮ್ಮ ಜಿಲ್ಲೆಗಳ ತೋಟಗಳಲ್ಲಿ ಹೊಸ ವಿಷಯವಲ್ಲ. ಸಜೀಪಮೂಡದ ಗಣಪತಿ ಭಟ್ಟರು ಮರ ಏರಲು ಮಾಡಿದ ಬೈಕು 2019ರಲ್ಲಿ ದೇಶವೆಲ್ಲ ಸುದ್ದಿಯಾದದ್ದೂ ನಮಗೆ ಗೊತ್ತಿತ್ತು. ಈ ಪತ್ರಿಕೆಯಲ್ಲಿ ಇವುಗಳ ಬಗ್ಗೆ ಬರೆದವರೂ ನಾವೇ. ಆದರೂ ನಮ್ಮ ಬಾಯಿಂದ ಬಂದ ಮಾತು: "ನಿನಗೆ ಇನ್ನೂ ತಿಳಿಯುವುದಿಲ್ಲ."

ಹೇಳಿದ ಮೇಲೆ ಆ ಸ್ವರ ಯಾರದ್ದೆಂದು ಗುರುತು ಸಿಕ್ಕಿತು. ನಮ್ಮ ಮನೆಯವರು ಗಂಜಿಯ ಬಟ್ಟಲನ್ನು ಮೇಜಿನ ಮೇಲಿಟ್ಟು, "ಮಾವನವರು ಮಾತಾಡಿದ ಹಾಗೆ ಕೇಳಿತು" ಎಂದಷ್ಟೇ ಹೇಳಿ ಒಳಗೆ ಹೋದರು.

ತಂಡ ಬಂತು. ಕೊಯ್ಲು ಆಯಿತು. ಬಲೆಗೆ ಬೀಳದ ನಾಲ್ಕು ಗೊನೆ ನೆಲಕ್ಕೆ ಬಿದ್ದು ಚೆದುರಿದ್ದು ನಿಜ, ಎತ್ತರದ ಹಳೆ ಸಾಲಿನ ಕೆಲವು ಮರಗಳಿಗೆ ದೋಟಿ ಎಟುಕದೆ ಉಳಿದದ್ದೂ ನಿಜ. ಹಿರಿಯ ಕೊಯ್ಲಿನವರು ನೆಲದ ಮೇಲೆ ನಿಂತು ಯಾವ ಗೊನೆ ಹಣ್ಣಾಗಿದೆ, ಯಾವುದು ಇನ್ನೂ ಹದಿನೈದು ದಿನ ನಿಲ್ಲಬೇಕು ಎಂದು ಹುಡುಗರಿಗೆ ತೋರಿಸುತ್ತಿದ್ದರು. ಅವರ ಕಣ್ಣಿಗೆ ಸಂಬಳ ಕೊಡಬೇಕೆಂದು ನಿಶ್ಚಯಿಸಿದ್ದು ಮಗನೇ. ಇಷ್ಟು ವರ್ಷ ಅವರ ಕಾಲಿಗೆ ಮಾತ್ರ ಸಂಬಳ ಕೊಟ್ಟಿದ್ದೆವು ಎಂಬುದು ನಮಗೆ ಹೊಳೆದಿರಲಿಲ್ಲ.

ಉಡುಪಿಯಿಂದ ಕಲಿಯಬಹುದಾದದ್ದು

ಮಂಚದಲ್ಲಿ ಬಿದ್ದವನಿಗೆ ಹಳೆಯದೆಲ್ಲ ನೆನಪಾಗುತ್ತದೆ. 1984ರ ಜನವರಿಯ ಆ ರಾತ್ರಿ ನಮ್ಮ ತಂದೆಯವರೇ ನಮ್ಮನ್ನು ಪರ್ಯಾಯ ನೋಡಲು ಕರೆದುಕೊಂಡು ಹೋಗಿದ್ದರು. ಕಲ್ಯಾಣಪುರದಿಂದ ಉಡುಪಿಗೆ ಐದಾರು ಕಿಲೋಮೀಟರು, ದಾರಿಯುದ್ದಕ್ಕೂ ನಡೆಯುವವರ ಸಾಲು. ಅರ್ಧ ತೋಳಿನ ಅಂಗಿಯಲ್ಲಿ ನಡುಗುತ್ತಿದ್ದ ನಮಗೆ ಎಲೆಯಲ್ಲಿ ಬಿಸಿ ಗೋಳಿಬಜೆ ಕೊಡಿಸಿದ್ದರು. ಬೀಗದ ಕೈ ಆಗಲೂ ಅವರ ಸೊಂಟದಲ್ಲಿತ್ತು.

ಪರ್ಯಾಯದಲ್ಲಿ ನಡೆಯುವುದಾದರೂ ಏನು? ಸರ್ವಜ್ಞ ಪೀಠ ಏರುವ ಸ್ವಾಮಿಗಳು ಕಾಪುವಿನ ಬಳಿಯ ದಂಡತೀರ್ಥದಲ್ಲಿ ಮಿಂದು, ನಸುಕಿಗೂ ಮುನ್ನ ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬರುತ್ತಾರೆ. ಪೀಠ ಇಳಿಯುವ ಸ್ವಾಮಿಗಳು ಅವರನ್ನು ಎದುರುಗೊಂಡು ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಅಕ್ಷಯ ಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈಯನ್ನು ಅವರ ಕೈಗೆ ಒಪ್ಪಿಸುತ್ತಾರೆ. ಅಲ್ಲಿಗೆ ಮುಗಿಯಿತು. ಮಧ್ವಾಚಾರ್ಯರ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ಹದಿನಾರನೆಯ ಶತಮಾನದ ವಾದಿರಾಜರು ಎಂಬುದು ಸಂಪ್ರದಾಯ. ಅಂದಿನಿಂದ ಸಮ ಸಂಖ್ಯೆಯ ವರ್ಷದ ಚಳಿಗಾಲ ಬಂತೆಂದರೆ ಬೀಗದ ಕೈ ಕೈ ಬದಲಾಗುತ್ತದೆ. 2024ರಲ್ಲಿ ಪುತ್ತಿಗೆ ಮಠ, 2026ರ ಜನವರಿ 18ಕ್ಕೆ ಶಿರೂರು ಮಠದ ಸರದಿ.

ಪೇಜಾವರದ ಶ್ರೀ ವಿಶ್ವೇಶತೀರ್ಥರು 1952ರಿಂದ 2016ರವರೆಗೆ ಐದು ಪರ್ಯಾಯ ಮಾಡಿದವರು. 2018ರ ಜನವರಿಯಲ್ಲಿ ಐದನೆಯ ಸಲ ಬೀಗದ ಕೈ ಒಪ್ಪಿಸುವಾಗ ಅವರಿಗೆ 86 ವರ್ಷ. 2019ರ ಡಿಸೆಂಬರ್ 29ರಂದು, ಇಂಥದೇ ಚಳಿಗಾಲದಲ್ಲಿ, ಅವರು ತೀರಿಕೊಂಡರು. ಐದು ಸಲ ಹಿಡಿದರು, ಐದು ಸಲವೂ ಬಿಟ್ಟರು. ನಮ್ಮಂಥವರಿಗೆ ಒಂದು ಉಗ್ರಾಣದ ಬೀಗದ ಕೈಯನ್ನು ಒಂದು ಸಲ ಬಿಡುವುದು ಕಷ್ಟ.

ಇನ್ನೊಂದು ವಿಷಯ. ಈ ಒಪ್ಪಿಸುವಿಕೆ ಒಂದು ದಿನದ ಕೆಲಸ ಅಲ್ಲ. ಸುಮಾರು ಒಂದು ವರ್ಷದ ಮೊದಲೇ ಬಾಳೆ ಮುಹೂರ್ತವಾಗುತ್ತದೆ, ಬಾಳೆ ಸಸಿ ನೆಡುತ್ತಾರೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಹೊಸಬರು ಪೀಠಕ್ಕೆ ಬರುವ ಮೊದಲೇ ಅವರ ಒಲೆಗೆ ಬೇಕಾದ ಸೌದೆ ಒಟ್ಟಿ ಆಗಿರುತ್ತದೆ. ಕೊಡುವ ದಿನ ಗೊತ್ತಾಗಿರಬೇಕು, ತಯಾರಿ ಮೊದಲೇ ಆಗಿರಬೇಕು, ಕೊಟ್ಟ ಮೇಲೆ ಕೈ ಹಿಂದೆ ತೆಗೆಯಬೇಕು. ಮಕ್ಕಳು ತೋಟ ಬಿಟ್ಟು ಹೋದರು ಎಂದು ನಾವು ಸಭೆ ಸಭೆಗಳಲ್ಲಿ ಹೇಳುತ್ತೇವೆ. ಹೋಗುವ ಮೊದಲು ತೋಟದಲ್ಲಿ ಅವರ ಕೈಗೆ ಏನು ಕೊಟ್ಟಿದ್ದೆವು ಎಂದು ಕೇಳಿಕೊಂಡದ್ದು ಕಡಿಮೆ.

ದಿನ ನಿಶ್ಚಯಿಸಿ ಒಮ್ಮೆಗೇ ಕೊಡಲು ಮನಸ್ಸು ಬಾರದವರಿಗೆ ನಮ್ಮ ಕಲ್ಯಾಣಪುರದವರೇ ಬೇರೆ ದಾರಿ ತೋರಿಸಿದ್ದಾರೆ. 1898ರಲ್ಲಿ ಇಲ್ಲಿ ಹುಟ್ಟಿದ ಡಾ. ಟಿ. ಎಂ. ಎ. ಪೈಗಳು ಸಂಗಡಿಗರೊಂದಿಗೆ 1925ರಲ್ಲಿ ಉಡುಪಿಯಲ್ಲಿ ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಅದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿ ಇಂದಿಗೂ ನಮ್ಮ ಸಹಕಾರ ಸಂಘಗಳಲ್ಲಿ ನಡೆಯುತ್ತಿದೆ. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುವ ಕ್ರಮ. ಒಮ್ಮೆಗೇ ನೂರು ರೂಪಾಯಿ ಕೊಡಲಾಗದ ಬಡವನೂ ಎರಡಾಣೆ ಕೊಡಬಲ್ಲ ಎಂಬುದು ಅದರ ಮರ್ಮ. ಬೀಗದ ಕೈಯನ್ನೂ ಹೀಗೆ ಕೊಡಬಹುದು. ಈ ವರ್ಷ ಒಂದು ತುಂಡು ತೋಟ, ಮುಂದಿನ ವರ್ಷ ಮಾರಾಟದ ಲೆಕ್ಕ, ಅದರ ಮುಂದಿನ ವರ್ಷ ಬ್ಯಾಂಕಿನ ವ್ಯವಹಾರ.

ಕೊಪ್ಪದ ಕಡೆಯ ನಮ್ಮ ಹಿರಿಯ ಸದಸ್ಯೆಯೊಬ್ಬರು ಇದನ್ನು ನಮಗಿಂತ ಮೊದಲೇ ಮಾಡಿದ್ದಾರೆ. ಕಾಫಿ ಹಣ್ಣಿನ ಮೊದಲ ಕೊಯ್ಲಿನ ಹಾಜರಿ ಪುಸ್ತಕವನ್ನು ಸೊಸೆಗೆ ಕೊಟ್ಟರು, ಎರಡು ವರ್ಷ ಕಳೆದು ಕಣದ ಜವಾಬ್ದಾರಿ ಕೊಟ್ಟರು, ಈಗ ಚೆಕ್ಕಿಗೆ ಸಹಿ ಹಾಕುವವರೂ ಸೊಸೆಯೇ. "ತಪ್ಪು ಮಾಡಲಿಲ್ಲವೇ?" ಎಂದು ಕೇಳಿದೆವು. "ಮಾಡಿದಳು. ನಾನಿರುವಾಗಲೇ ಮಾಡಿದಳಲ್ಲ, ಅದು ಒಳ್ಳೆಯದಾಯಿತು" ಎಂದರು.

ಈ ಚಳಿಗಾಲದ ಕೆಲಸ

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ನಲವತ್ತು ದಿನ ಅಡಿಕೆ ಒಣಗುವಷ್ಟರಲ್ಲಿ ಇವನ್ನು ಮಾಡಿ ಮುಗಿಸಬಹುದು.

ಒಂದು ಇನ್ನೂರು ಪುಟದ ಪುಸ್ತಕ ತನ್ನಿ. ತೋಟದ ನೀರಿನ ದಾರಿ, ಗಡಿಕಲ್ಲು, ಮದ್ದು ಗೊಬ್ಬರ ಕೊಟ್ಟ ದಿನ, ಕೊಡಬೇಕಾದ ಬರಬೇಕಾದ ಹಣ, ವಿಮೆ, ಸಾಲ, ಠೇವಣಿ ಎಲ್ಲವನ್ನೂ ಬರೆಯಿರಿ. ತಲೆಯಲ್ಲಿದ್ದದ್ದು ಆಸ್ತಿಯಲ್ಲ.

ಸಂಘದ ಸದಸ್ಯತ್ವ, ಷೇರು, ಠೇವಣಿಗಳಿಗೆ ನಾಮನಿರ್ದೇಶನ ಮಾಡಿರದಿದ್ದರೆ ಈ ತಿಂಗಳು ಬಂದು ಫಾರಂ ತುಂಬಿಸಿ. ನಾಮನಿರ್ದೇಶನ ಮಾಡಿದ ಮಾತ್ರಕ್ಕೆ ಉಳಿದ ವಾರಸುದಾರರ ಹಕ್ಕು ಹೋಗುವುದಿಲ್ಲ; ಸಂಘಕ್ಕೆ ಯಾರ ಹತ್ತಿರ ಮಾತನಾಡಬೇಕೆಂದು ತಿಳಿಯುತ್ತದೆ. ತೀರಿಹೋದವರ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ. ಸಾಲಕ್ಕೆ, ಬೆಳೆ ವಿಮೆಗೆ ಅರ್ಜಿ ಹಾಕುವ ದಿನ ಎಚ್ಚರವಾದರೆ ತಡವಾಗಿರುತ್ತದೆ. ಪತ್ನಿಗೆ ಗೊತ್ತಿಲ್ಲದ ಖಾತೆ ಇರಬಾರದು. ನಮ್ಮ ತಾಯಿಯವರು ಆ ಮಳೆಯಲ್ಲಿ ಬುಟ್ಟಿ ಹೊತ್ತದ್ದನ್ನು ನೆನೆದು ಇದನ್ನು ಬರೆಯುತ್ತಿದ್ದೇವೆ.

ಕೊನೆಯದಾಗಿ, ಮಗನೋ ಮಗಳೋ ಸೊಸೆಯೋ, ಯಾರಿಗೆ ಮನಸ್ಸಿದೆಯೋ ಅವರಿಗೆ ಒಂದು ತುಂಡು ತೋಟವನ್ನು ಪೂರ್ತಿ ಬಿಟ್ಟುಕೊಡಿ. ಅಲ್ಲಿ ಅವರು ಮಾಡುವ ತಪ್ಪು ಅವರದ್ದೇ ಆಗಿರಲಿ. ನೀವು ಬದುವಿನ ಮೇಲೆ ನಿಂತಿರಿ, ಕೇಳಿದರೆ ಮಾತ್ರ ಹೇಳಿ. ಇದು ಎಷ್ಟು ಕಷ್ಟವೆಂದು ನಾವು ಈಗ ಅನುಭವಿಸುತ್ತಿದ್ದೇವೆ.

ನಮ್ಮ ಮನೆಯ ಕೆಳಗಿನ ತುಂಡಿನ ಮರಗಳು ಮುದಿಯಾಗಿವೆ. ಅಲ್ಲಿ ಹೊಸ ಸಸಿ ಇಡಬೇಕೇ ಎಂದು ಎರಡು ವರ್ಷದಿಂದ ಯೋಚಿಸುತ್ತಲೇ ಇದ್ದೆವು. 2026ರ ಫೆಬ್ರವರಿ, ಮಾರ್ಚಿಗೆ ಬೀಜದ ಅಡಿಕೆ ಹಾಕಿದರೆ, ಸಸಿ ಮಣ್ಣಿಗೆ ಇಳಿಯುವುದು 2027ರ ಮಳೆಗೆ. ಮೊದಲ ಹಿಂಗಾರ ಒಡೆದು ಗೊನೆ ಕಾಣಬೇಕಾದರೆ ಇನ್ನೂ ಐದಾರು ವರ್ಷ. ಅಂದರೆ ಪೇಜಾವರ ಮಠದ ಮುಂದಿನ ಸರದಿಯ ಹೊತ್ತು. ನಮಗೆ ಅರವತ್ತನಾಲ್ಕು. ಯಾರಿಗಾಗಿ ಎಂಬ ಪ್ರಶ್ನೆಯೇ ಕೈಯನ್ನು ಕಟ್ಟಿಹಾಕಿತ್ತು.

ಈ ಡಿಸೆಂಬರಿನಲ್ಲಿ ಮಗ ಎರಡು ವಾರ ಬಂದಿದ್ದಾನೆ. ಕೆಲಸ ಬಿಟ್ಟು ಬರುತ್ತೇನೆ ಎಂದು ಅವನು ಹೇಳಿಲ್ಲ, ನಾವು ಕೇಳಿಲ್ಲ. ಆದರೆ ಕೆಳಗಿನ ತುಂಡನ್ನು ನೋಡಿಕೊಳ್ಳಲು ಒಪ್ಪಿದ್ದಾನೆ. ಹತ್ತು ವರ್ಷ ದಾಟಿದ, ವರ್ಷ ವರ್ಷವೂ ಸಮನಾಗಿ ಫಲ ಕೊಟ್ಟ ತಾಯಿಮರಗಳನ್ನು ಕೊಯ್ಲಿನ ಹಿರಿಯರ ಜೊತೆ ತಿರುಗಿ ಆರಿಸಿ ಸುಣ್ಣದ ಗುರುತು ಹಾಕಿದ. ನಾವು ಆರಿಸುತ್ತಿದ್ದ ಎರಡು ಮರಗಳನ್ನು ಅವನು ಬಿಟ್ಟಿದ್ದಾನೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆವು.

ಅಂದು ಸಂಜೆ ಉಗ್ರಾಣದ ಬೀಗದ ಕೈಯನ್ನು ಅವನ ಕೈಗೆ ಕೊಡಲು ಹೋದೆವು. ಸ್ವಲ್ಪ ಗಂಭೀರವಾಗಿಯೇ ಕೊಟ್ಟೆವೆಂದು ಕಾಣುತ್ತದೆ, ಅವನಿಗೆ ನಗು ಬಂತು. "ನನಗೆ ಬೇಡ ಅಪ್ಪ, ನಾನು ಬೆಂಗಳೂರಿಗೆ ಹೋದ ದಿನ ಮಳೆ ಬಂದರೆ?" ಎಂದು ಜಗಲಿಯ ಗೋಡೆಗೆ ಒಂದು ಮೊಳೆ ಹೊಡೆದು ಅದಕ್ಕೆ ನೇತುಹಾಕಿದ.

ಈಗ ಅದು ಅಲ್ಲಿಯೇ ಇದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಮೋಡ ಕಂಡರೆ ಯಾರು ಬೇಕಾದರೂ ಬಾಗಿಲು ತೆಗೆದು ಟಾರ್ಪಾಲು ತರಬಹುದು.